ಕಸಿ

ಕನ್ನಡದಲ್ಲಿ ‘ಕಸಿ’ ಎಂಬ ಒಂದೇ ಮಾತು ಮಾವಿನ ತೋಟದಲ್ಲಿಯೂ ಆಸ್ಪತ್ರೆಯಲ್ಲಿಯೂ ಬಳಕೆಯಲ್ಲಿದೆ. ಕೃಷ್ಣಗಿರಿ ಸೀಮೆಯವರಾದ ನಮಗೆ ತೋಟದ ಕಸಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಓಟೆಯಿಂದ ಹುಟ್ಟಿದ ಸಸಿಯ ತಲೆಯನ್ನು ಕತ್ತರಿಸಿ, ಒಳ್ಳೆಯ ಜಾತಿಯ ಮರದ ಎಳೆಯ ಕಡ್ಡಿಯನ್ನು ಕೂಡಿಸಿ ಬಿಗಿಯಾಗಿ ಸುತ್ತುವುದನ್ನು ಬಾಲ್ಯದಿಂದ ನೋಡಿದ್ದೇನೆ. ಕಡ್ಡಿಯಲ್ಲಿ ಹಸಿ ಇರುವಾಗಲೇ ಕೂಡಿಸಬೇಕು; ಒಣಗಿದ್ದನ್ನು ಎಷ್ಟು ಬಿಗಿದರೂ ಚಿಗುರದು. ಆಸ್ಪತ್ರೆಯ ಕಸಿಯ ವಿಷಯವನ್ನೂ ವಿಜ್ಞಾನದ ಪಾಠದ ನಡುವೆ ಮಕ್ಕಳಿಗೆ ಎಷ್ಟೋ ಬಾರಿ ಹೇಳಿದ್ದೆ. ಆದರೆ ಅದು ನನಗೇ ಅರ್ಥವಾದದ್ದು ನಿವೃತ್ತನಾದ ಮೇಲೆ, ಅದೂ ತಡವಾಗಿ.

2013ರ ಒಂದು ಸಂಜೆ ನನ್ನ ತಮ್ಮನ ಮಗ ಶೂಲಗಿರಿಯಿಂದ ಹೊಸೂರಿಗೆ ಬೈಕಿನಲ್ಲಿ ಬರುತ್ತಿದ್ದಾಗ ಹೆದ್ದಾರಿಯಲ್ಲಿ ಅಪಘಾತವಾಯಿತು. ಹೆಲ್ಮೆಟ್ಟು ಬೈಕಿನ ಕನ್ನಡಿಗೆ ತಗುಲಿಹಾಕಿಕೊಂಡೇ ಇತ್ತು. ಅತ್ತಿಬೆಲೆ ದಾಟಿಸಿ ಬೆಂಗಳೂರಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ಮೂರನೆಯ ಬೆಳಿಗ್ಗೆ ವೈದ್ಯರು ನಮ್ಮನ್ನು ಕೂರಿಸಿಕೊಂಡು, ಹುಡುಗನ ಮಿದುಳಿನ ಕಾಂಡ ಸತ್ತಿದೆ, ಇನ್ನು ಅವನಿಲ್ಲ ಎಂದರು. ಸ್ವಲ್ಪ ಹೊತ್ತಿನ ಮೇಲೆ ಆಸ್ಪತ್ರೆಯ ಒಬ್ಬ ತರುಣಿ ಬಂದು, ಬಹಳ ಮೆಲ್ಲನೆಯ ದನಿಯಲ್ಲಿ, ಅಂಗಾಂಗಗಳನ್ನು ದಾನ ಮಾಡಲು ಒಪ್ಪುವಿರಾ ಎಂದು ಕೇಳಿದಳು. ತಮ್ಮ ಮಾತನಾಡಲಿಲ್ಲ, ನನ್ನ ಮುಖ ನೋಡಿದ. ನಮ್ಮ ಮನೆಯಲ್ಲಿ ಪತ್ರವಾಗಲಿ ತೀರ್ಮಾನವಾಗಲಿ ಮೇಷ್ಟ್ರಾದ ನನ್ನ ಮೂಲಕವೇ ಹೋಗಬೇಕೆಂಬ ರೂಢಿ.

ನಾನು ಒಳಗೆ ಹೋಗಿ ನೋಡಿದೆ. ಎದೆ ಏರಿ ಇಳಿಯುತ್ತಿತ್ತು. ಪಾದ ಬೆಚ್ಚಗಿತ್ತು. ಹೊರಗೆ ಬಂದು “ಬೇಡಮ್ಮ” ಎಂದೆ. ಆ ಹೊತ್ತಿನಲ್ಲಿ ನನ್ನ ಜೇಬಿನ ಪರ್ಸಿನಲ್ಲಿಯೇ ನಾನು ಸಹಿ ಮಾಡಿದ ನೇತ್ರದಾನದ ಚೀಟಿ ಇತ್ತು. ಆಕೆ ಒತ್ತಾಯಿಸಲಿಲ್ಲ, ಕೈಮುಗಿದು ಹೋದಳು. ಮರುದಿನ ಹೃದಯವೂ ನಿಂತಿತು. ಕಣ್ಣುಗಳನ್ನಾದರೂ ಕೊಡಬಹುದಿತ್ತೆಂದು ನೆನಪಾಗುವಷ್ಟರಲ್ಲಿ ಹೊತ್ತು ಮೀರಿತ್ತು.

ನಾನು ಕಂಡ ಉಸಿರು ಅವನದಲ್ಲ, ಯಂತ್ರದ್ದು. ಹೃದಯಕ್ಕೆ ಬಡಿತದ ಪ್ರೇರಣೆ ಅದರೊಳಗೇ ಹುಟ್ಟುತ್ತದೆ. ಯಂತ್ರವು ಆಮ್ಲಜನಕ ಒದಗಿಸುತ್ತಿರುವವರೆಗೆ ಮಿದುಳಿನ ಅಪ್ಪಣೆಯಿಲ್ಲದೆಯೂ ಅದು ಕೆಲವು ಕಾಲ ಬಡಿಯಬಲ್ಲದು. ಕೋಮಾದಲ್ಲಿರುವವರು ಬದುಕಿರುತ್ತಾರೆ, ಕೆಲವರು ಎಚ್ಚರಗೊಳ್ಳುವುದೂ ಉಂಟು. ಮಿದುಳಿನ ಕಾಂಡ ಸತ್ತವರು ಹಿಂದಿರುಗುವುದಿಲ್ಲ. 1994ರ ಮಾನವ ಅಂಗಾಂಗ ಕಸಿ ಕಾಯಿದೆ ಇದನ್ನು ಮರಣವೆಂದೇ ಒಪ್ಪಿದೆ. ಅದನ್ನು ಒಬ್ಬರೇ ಘೋಷಿಸುವಂತಿಲ್ಲ. ನಾಲ್ವರು ವೈದ್ಯರ ಮಂಡಳಿ, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಬೇಕು. ಕಸಿ ಮಾಡುವ ವೈದ್ಯರು ಆ ಮಂಡಳಿಯಲ್ಲಿ ಇರಕೂಡದು. ಕಣ್ಣಿಗೆ ಬೆಳಕು ಬಿಟ್ಟು ಪಾಪೆ ಕುಗ್ಗುವುದೇ ಎಂದು ನೋಡುತ್ತಾರೆ, ಕಿವಿಗೆ ತಣ್ಣೀರು ಬಿಡುತ್ತಾರೆ, ಕೊನೆಗೆ ಉಸಿರಾಟದ ಯಂತ್ರದಿಂದ ಬಿಡಿಸಿ ತಾನಾಗಿ ಒಂದೇ ಒಂದು ಉಸಿರನ್ನಾದರೂ ಎಳೆಯುವನೇ ಎಂದು ಕಾಯುತ್ತಾರೆ. ನಮ್ಮ ಹುಡುಗನಿಗೆ ಇದೆಲ್ಲವನ್ನೂ ಎರಡು ಬಾರಿ ಮಾಡಿದ್ದರು. ಆ ಕಾಗದಗಳು ತಮ್ಮನ ಕೈಚೀಲದಲ್ಲಿದ್ದವು. ನಾನು ಅವನ್ನು ಓದಿದ್ದು ತಿಂಗಳುಗಳ ಮೇಲೆ.

ಕಡ್ಡಿ ಒಣಗಬಾರದೆಂಬ ತೋಟದ ನಿಯಮವೇ ಇಲ್ಲಿಯೂ. ಹೃದಯ, ಶ್ವಾಸಕೋಶ, ಯಕೃತ್ತುಗಳನ್ನು ಸಾಮಾನ್ಯವಾಗಿ ರಕ್ತ ಹರಿಯುತ್ತಿರುವಾಗಲೇ ತೆಗೆಯಬೇಕಾಗುತ್ತದೆ. ಹೊರತೆಗೆದ ಹೃದಯಕ್ಕೆ ಸುಮಾರು ನಾಲ್ಕು ಗಂಟೆಯ ಅವಧಿ, ಮೂತ್ರಪಿಂಡಕ್ಕೆ ಒಂದು ದಿನದಷ್ಟು. ಕಣ್ಣಿನ ಕಾರ್ನಿಯಾ, ಚರ್ಮ ಮುಂತಾದವನ್ನು ಮನೆಯಲ್ಲಿ ಸಹಜವಾಗಿ ತೀರಿಕೊಂಡವರಿಂದಲೂ ಪಡೆಯಬಹುದು. ಆರು ಗಂಟೆಯೊಳಗೆ ಆಗಬೇಕು. ಅಷ್ಟರವರೆಗೆ ರೆಪ್ಪೆಗಳನ್ನು ಮುಚ್ಚಿ, ಮೇಲೆ ಒದ್ದೆ ಹತ್ತಿಯಿಟ್ಟು, ಫ್ಯಾನು ನಿಲ್ಲಿಸಿ, ತಲೆಯನ್ನು ದಿಂಬಿನಿಂದ ಎತ್ತರಿಸಿಟ್ಟರೆ ಸಾಕು.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಮಾವಿನ ಸಸಿ ಬೇರೆ ಮರದ ಕಡ್ಡಿಯನ್ನು ಸುಲಭವಾಗಿ ತನ್ನದಾಗಿಸಿಕೊಳ್ಳುತ್ತದೆ. ಮನುಷ್ಯನ ದೇಹ ಪರರ ಅಂಗವನ್ನು ಶತ್ರುವೆಂದು ಬಗೆದು ಎದುರಿಸುತ್ತದೆ. ರಕ್ತನಾಳಗಳಿಲ್ಲದ ಕಾರ್ನಿಯಾದಲ್ಲಿ ಈ ಎದುರಾಟ ಕಡಿಮೆ. ಆದುದರಿಂದಲೇ 1905ರಷ್ಟು ಹಿಂದೆಯೇ ಎಡ್ವರ್ಡ್ ಜಿರ್ಮ್ ಅದರಲ್ಲಿ ಯಶಸ್ಸು ಕಂಡರು. ಮೂತ್ರಪಿಂಡಕ್ಕೆ 1954ರವರೆಗೆ ಕಾಯಬೇಕಾಯಿತು. ಆಗಲೂ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಗೆದ್ದದ್ದು ಕೊಟ್ಟವನೂ ಪಡೆದವನೂ ತದ್ರೂಪಿ ಅವಳಿಗಳಾಗಿದ್ದುದರಿಂದ. ನಮಗೆ ಹತ್ತಿರದ ವೆಲ್ಲೂರಿನ ಸಿ.ಎಂ.ಸಿ.ಯಲ್ಲಿ 1971ರಲ್ಲಿ ಮೂತ್ರಪಿಂಡದ ಕಸಿ ನಡೆಯಿತು. ಎದುರಾಟವನ್ನು ತಗ್ಗಿಸುವ ಸೈಕ್ಲೋಸ್ಪೋರಿನ್ ಬಂದ ಮೇಲೆ, 1980ರ ದಶಕದಿಂದ, ದಾರಿ ಅಗಲವಾಯಿತು. ಪಡೆದವರು ಇಂದಿಗೂ ಜೀವನವಿಡೀ ಔಷಧಿ ಸೇವಿಸುತ್ತಿರಬೇಕು.

ಅದೇ 1954ರಲ್ಲಿ ‘ಬೇಡರ ಕಣ್ಣಪ್ಪ’ ತೆರೆಗೆ ಬಂದಿತು. ಶಿವನಿಗೆ ಕಣ್ಣು ಕಿತ್ತುಕೊಟ್ಟ ಬೇಡನಾಗಿ ನಟಿಸಿದ ಗಾಜನೂರಿನ ರಾಜಕುಮಾರರು, ನಮ್ಮಂತೆಯೇ ಗಡಿಯವರು, 2006ರ ಏಪ್ರಿಲ್ 12ರಂದು ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. 2021ರಲ್ಲಿ ಪುನೀತರ ಎರಡು ಕಣ್ಣುಗಳ ಕಾರ್ನಿಯಾಗಳನ್ನು ಪದರ ಪದರವಾಗಿ ಬೇರ್ಪಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟರು. ಅದೇ ವರ್ಷ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ಮಿದುಳು ನಿಷ್ಕ್ರಿಯಗೊಂಡಾಗ ಅವರ ಮನೆಯವರು ಅಂಗದಾನಕ್ಕೆ ಒಪ್ಪಿದರು.

ತಮಿಳುನಾಡಿನಲ್ಲಿ ಇದಕ್ಕೆಲ್ಲ ನೆನೆಯುವ ಹೆಸರು ಹಿತೇಂದ್ರನ್. 2008ರ ಸೆಪ್ಟೆಂಬರಿನಲ್ಲಿ ಬೈಕ್ ಅಪಘಾತಕ್ಕೀಡಾದ ತಿರುಕ್ಕಳುಕುಂಡ್ರಂನ ಹುಡುಗ. ತಂದೆತಾಯಿ ಇಬ್ಬರೂ ವೈದ್ಯರು; ಒಪ್ಪಿದರು. ಚೆನ್ನೈಯ ರಸ್ತೆಗಳಲ್ಲಿ ಪೊಲೀಸರು ದಾರಿ ಬಿಡಿಸಿ ಕೊಟ್ಟರು, ಅವನ ಹೃದಯ ಒಂದು ಪುಟ್ಟ ಹುಡುಗಿಯ ಎದೆ ಸೇರಿತು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಕಣ್ಣೊರೆಸಿಕೊಂಡವರಲ್ಲಿ ನಾನೂ ಒಬ್ಬ. ಐದು ವರ್ಷದ ಮೇಲೆ ಅದೇ ಪ್ರಶ್ನೆ ನನ್ನೆದುರು ಬಂದು ನಿಂತಾಗ ಆ ಕಣ್ಣೀರು ಯಾವ ಉಪಯೋಗಕ್ಕೂ ಬರಲಿಲ್ಲ.

ಹುಡುಗನ ವರ್ಷಾಬ್ದಿಕದ ದಿನ, ನೆಂಟರೆಲ್ಲ ಉಂಡು ಹೋದ ಮೇಲೆ, ತಮ್ಮನ ಹೆಂಡತಿ ನೀರಿನ ಲೋಟ ತಂದಿಟ್ಟು ನಿಂತಳು. “ಭಾವನವರೇ, ಅವತ್ತು ನೀವು ಹೂಂ ಎಂದಿದ್ದರೆ ಅವನ ಎದೆ ಎಲ್ಲೋ ಒಂದು ಕಡೆ ಬಡಿದುಕೊಳ್ಳುತ್ತಾ ಇರುತ್ತಿತ್ತು, ಅಲ್ಲವೇ?” ದೂರುವ ದನಿಯಲ್ಲ ಅದು. ತಿಳಿದುಕೊಳ್ಳಲು ಕೇಳಿದಳು. ಹೌದು ಎನ್ನಲು ಬಾಯಿ ಬರಲಿಲ್ಲ, ಇಲ್ಲವೆನ್ನುವುದು ಸುಳ್ಳಾಗುತ್ತಿತ್ತು.

ಸಹಿ ಮಾಡಿದ ಚೀಟಿಯೊಂದನ್ನೇ ನೆಚ್ಚಿ ಕೂರುವಂತಿಲ್ಲ. ಆ ಗಳಿಗೆಯಲ್ಲಿ ಆಸ್ಪತ್ರೆಯವರು ಕೇಳುವುದು ಮನೆಯವರನ್ನು. ಮನೆಯವರಿಗೆ ಮೊದಲೇ ತಿಳಿದಿರದಿದ್ದರೆ ನನ್ನಂಥವನೊಬ್ಬ ಬಾಗಿಲಲ್ಲಿ ನಿಂತು ಬೇಡವೆನ್ನುತ್ತಾನೆ. ದಾನಿಯ ಮನೆಯವರಿಗೆ ಹಣ ಕೊಡುವಂತಿಲ್ಲ, ಅದು ಅಪರಾಧ. ಗಡಿಯಲ್ಲಿರುವ ನಮಗೆ ಇನ್ನೊಂದು ಮಾತು: ಯಾವ ರಾಜ್ಯದ ಆಸ್ಪತ್ರೆಯಲ್ಲಿ ದಾನವಾಗುವುದೋ ಅಲ್ಲಿನ ಸಂಸ್ಥೆ ಹಂಚಿಕೆಯನ್ನು ನೋಡಿಕೊಳ್ಳುತ್ತದೆ. ಬೆಂಗಳೂರಿನಲ್ಲಾದರೆ ಜೀವಸಾರ್ಥಕತೆ, ತಮಿಳುನಾಡಿನಲ್ಲಾದರೆ ಟ್ರಾನ್ಸ್‌ಟಾನ್. 2023ರಿಂದ ತಮಿಳುನಾಡು ಸರ್ಕಾರ ಅಂಗದಾನಿಗಳ ಅಂತ್ಯಕ್ರಿಯೆಯನ್ನು ಸರ್ಕಾರಿ ಗೌರವದೊಂದಿಗೆ ನಡೆಸುತ್ತಿದೆ.

ಕಳೆದ ಯುಗಾದಿಗೆ ಮನೆಮಂದಿಯೆಲ್ಲ ಸೇರಿದ್ದಾಗ ನನ್ನ ಇಚ್ಛೆಯನ್ನು ಒಂದು ಹಾಳೆಯಲ್ಲಿ ಬರೆದು, ನೇತ್ರ ಬ್ಯಾಂಕಿನ ದೂರವಾಣಿ ಸಂಖ್ಯೆಯನ್ನೂ ಸೇರಿಸಿ, ಎಲ್ಲರಿಗೂ ಓದಿ ಹೇಳಿದೆ. ಹಬ್ಬದ ದಿನ ಇದೇನು ಮಾತು ಎಂದು ನನ್ನ ಹೆಂಡತಿ ಗೊಣಗಿದಳು. ಮೊಮ್ಮಗ, “ತಾತ, ನಿಮಗೆ ಪೊರೆಯ ಆಪರೇಷನ್ ಆಗಿದೆಯಲ್ಲ, ನಿಮ್ಮ ಕಣ್ಣನ್ನು ಯಾರು ತೆಗೆದುಕೊಳ್ಳುತ್ತಾರೆ?” ಎಂದ. ಬದಲಾದದ್ದು ಒಳಗಿನ ಮಸೂರ, ಮುಂದಿನ ಕಾರ್ನಿಯಾ ಇನ್ನೂ ನನ್ನದೇ ಎಂದು ಬಹಳ ದಿನಗಳ ಮೇಲೆ ಒಂದು ಪಾಠ ಮಾಡಿದೆ. ಹಾಳೆಯನ್ನು ಬೀರುವಿನ ಬಾಗಿಲಿನ ಒಳಮೈಗೆ ಅಂಟಿಸಿದೆವು. ಒಬ್ಬಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ತಮ್ಮನ ಹೆಂಡತಿ ಬಂದು ಅದನ್ನು ನಿಧಾನವಾಗಿ ಓದಿದಳು. ಮೊಮ್ಮಗನ ಕೈಯಿಂದ ಪೆನ್ನು ತೆಗೆದುಕೊಂಡು ನನ್ನ ಹೆಸರಿನ ಕೆಳಗೆ ತನ್ನ ಹೆಸರನ್ನು ಬರೆದಳು.