ಸೋಮವಾರದ ಒಪ್ಪತ್ತು

1966ರ ಜನವರಿ 10, ಸೋಮವಾರ. ಕೃಷ್ಣೆಯ ದಂಡೆಯ ನಮ್ಮ ಮನೆಯಲ್ಲಿ ಅಂದು ಸಂಜೆ ಒಲೆ ಹೊತ್ತಲಿಲ್ಲ. ಅಪ್ಪ ಒಂದು ತಂಬಿಗೆ ನೀರು ಕುಡಿದು, ಕಂಬಳಿ ಹೆಗಲಿಗೇರಿಸಿ ಹೊಲ ಕಾಯಲು ಹೊರಟ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಊಟ ತಪ್ಪುವುದು ನಮಗೆ ಹೊಸತಲ್ಲ. ಆದರೆ ವಾರಕ್ಕೊಂದು ಹೊತ್ತು ಉಣ್ಣದೆ ದೇಶದ ಕಾಳು ಉಳಿಸಿ ಎಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಕೇಳಿದ ಮೇಲೆ ಆ ಹಸಿವಿಗೊಂದು ಮಾನ ಬಂತು. ಕೊಡಲು ಏನೂ ಇಲ್ಲದವನೂ ಏನನ್ನೋ ಕೊಡುವಂತಾದ.

ಅಪ್ಪ ಅವರನ್ನು ಕಣ್ಣಾರೆ ಕಂಡಿದ್ದ. 1964ರ ಮೇ 22ರಂದು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದವರು ಅವರೇ. ಅದಾಗಿ ಐದೇ ದಿನಕ್ಕೆ ನೆಹರೂ ತೀರಿಕೊಂಡರು, ಜೂನ್‌ನಲ್ಲಿ ಶಾಸ್ತ್ರಿ ಪ್ರಧಾನಿಯಾದರು. "ನನ್ನಷ್ಟೂ ಎತ್ತರ ಇಲ್ಲ. ಧೋತರ ಉಟ್ಕೊಂಡು ನಮ್ಮ ಸಾಲಿ ಮಾಸ್ತರರ ಹಂಗ ನಿಂತಿದ್ರು" ಎನ್ನುತ್ತಿದ್ದ ಅಪ್ಪ. ಅವರ ತಂದೆ ಶಾಲಾ ಮಾಸ್ತರರೇ ಆಗಿದ್ದರೆಂದೂ, ಮಗ ಹಾಲುಗೂಸಿದ್ದಾಗಲೇ ತೀರಿಕೊಂಡರೆಂದೂ, ತಾಯಿಯ ತವರಿನಲ್ಲಿ ಬೆಳೆದ ಹುಡುಗ ಬರಿಗಾಲಲ್ಲಿ ಶಾಲೆಗೆ ನಡೆದನೆಂದೂ ನಾನು ಮುಂದೆ ಓದಿ ತಿಳಿದೆ.

ಮಂಗಳವಾರ ಬೆಳಿಗ್ಗೆ ಪಂಚಾಯ್ತಿ ರೇಡಿಯೊದ ಮುಂದೆ ಊರೇ ಸೇರಿತು. ತಾಷ್ಕೆಂಟಿನಲ್ಲಿ ಪಾಕಿಸ್ತಾನದೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದ ರಾತ್ರಿಯೇ ಅವರ ಹೃದಯ ನಿಂತಿತ್ತು. ನಾವು ಅವರ ಮಾತಿಗೆ ಉಣ್ಣದೆ ಮಲಗಿದ್ದ ರಾತ್ರಿಯೇ! ಹೊಲದಿಂದ ಬಂದ ಅಪ್ಪ ಮುಂಡಾಸು ಬಿಚ್ಚಿ ಕಟ್ಟೆಯ ಮೇಲೆ ಕುಳಿತವನು ಮಧ್ಯಾಹ್ನದವರೆಗೆ ಏಳಲಿಲ್ಲ. ಭೋಗಿಗೆ ಎರಡೇ ದಿನ ಉಳಿದಿತ್ತು. ಅವ್ವ ಬೀಸಿಟ್ಟಿದ್ದ ಸಜ್ಜೆಹಿಟ್ಟು ಆ ವರ್ಷ ಹಬ್ಬದ ರೊಟ್ಟಿಯಾಗಲಿಲ್ಲ.

ಅವರಿಟ್ಟ ಕಲ್ಲಿನ ಮೇಲೆ ಅಣೆಕಟ್ಟು ಏಳಲು ದಶಕಗಳೇ ಹಿಡಿದವು. ನೀರು ನಿಂತಾಗ ನಮ್ಮ ಎರೆಹೊಲವೂ ಹೋಯಿತು. ಅಪ್ಪ ಮಗುವಿನಂತೆ ಅತ್ತ. ಅದೇ ದಿನಗಳಲ್ಲಿ ನಾನೊಂದು ಸಂಗತಿ ಓದಿ ಹೇಳಿದೆ: ಫಿಯೆಟ್ ಕಾರಿಗೆಂದು ಪ್ರಧಾನಿ ಬ್ಯಾಂಕಿನಲ್ಲಿ ಮಾಡಿದ್ದ ಸಾಲ ಸಾಯುವಾಗಲೂ ತೀರಿರಲಿಲ್ಲ, ಹೆಂಡತಿ ಲಲಿತಾ ಶಾಸ್ತ್ರಿ ತಮ್ಮ ಪಿಂಚಣಿಯಿಂದ ಅದನ್ನು ಕಟ್ಟಿದರು. ಅಪ್ಪ ಬಹಳ ಹೊತ್ತು ಸುಮ್ಮನಿದ್ದ. ಜಲಾಶಯಕ್ಕೆ ಯಾರ ಹೆಸರಿಟ್ಟಿದ್ದಾರೆ ಎಂದು ಕೇಳಿದ. ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರ ಎಂದೆ.

"ಬರೋಬರಿ ಆತು ಬಿಡು" ಎಂದ. "ಬ್ಯಾರೆ ಯಾರದರ ಹೆಸರಿಟ್ಟಿದ್ರ ನನಗ ತಡಕೊಳ್ಳಾಕ ಆಗ್ತಿರಲಿಲ್ಲ."