ದುಭಾಷಿಯ ನಡಿಗೆ

ಪರಭಾಷೆಯ ನಾಡಿಗೆ ಹೋದವನಿಗೆ ಎರಡೇ ದಾರಿ: ಆ ನಾಡಿನ ನುಡಿಯನ್ನು ಕಲಿಯುವುದು, ಇಲ್ಲವೆ ದುಭಾಷಿಯೊಬ್ಬನನ್ನು ಜೊತೆಗಿಟ್ಟುಕೊಳ್ಳುವುದು. ಗಣಕಯಂತ್ರದ ಲೋಕದಲ್ಲಿಯೂ ಈ ಮಾತು ಸಲ್ಲುತ್ತದೆ.

ಜಯನಗರದ ಮನೆಯೊಂದರಲ್ಲಿ ಹಿರಿಯರೊಬ್ಬರು ತಮ್ಮ ಹುಟ್ಟೂರಿನ ನೆನಪುಗಳನ್ನು ಹಲವು ವರ್ಷಗಳಿಂದ ‘ನುಡಿ’ ತಂತ್ರಾಂಶದಲ್ಲಿ ಬರೆದಿಟ್ಟಿದ್ದರು. ಕನ್ನಡ ಗಣಕ ಪರಿಷತ್ತು ರೂಪಿಸಿದ ಆ ತಂತ್ರಾಂಶವು ವಿಂಡೋಸ್ ವ್ಯವಸ್ಥೆಗಾಗಿ ಹುಟ್ಟಿದುದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲವು ಕೊನೆಗೊಂಡಿತು. ಹಿರಿಯರ ಹಳೆಯ ಯಂತ್ರಕ್ಕೆ ವಿಂಡೋಸ್ 11 ಒಗ್ಗುವಂತಿರಲಿಲ್ಲ; ಹೊಸದನ್ನು ಕೊಳ್ಳಲು ಪಿಂಚಣಿಯ ಹಣ ಸಾಲದು. ಬರೆದಿಟ್ಟ ಪುಟಗಳ ಗತಿಯೇನೆಂಬ ಚಿಂತೆ ಅವರನ್ನು ಕಾಡಿತು. ಮೊಮ್ಮಗಳು ಅದೇ ಯಂತ್ರದಲ್ಲಿ ವಿಂಡೋಸನ್ನು ಉಳಿಸಿಕೊಂಡು, ಪಕ್ಕದಲ್ಲಿಯೇ ಲಿನಕ್ಸನ್ನೂ ಅದರೊಳಗೆ ‘ವೈನ್’ ಎಂಬ ಹೊಂದಾಣಿಕೆಯ ಪದರವನ್ನೂ ಅಳವಡಿಸಿದಳು.

1993ರಲ್ಲಿ ಆರಂಭವಾದ ವೈನ್ ದುಭಾಷಿಯಂತೆ ನಡೆದುಕೊಳ್ಳುತ್ತದೆ. ತಂತ್ರಾಂಶದ ಲೆಕ್ಕಾಚಾರದ ಆಜ್ಞೆಗಳು ನೇರವಾಗಿ ಯಂತ್ರಕ್ಕೇ ತಲಪುತ್ತವೆ. ಕಡತವನ್ನು ತೆರೆ, ಕಿಟಕಿಯನ್ನು ಬಿಡಿಸು ಎಂದು ವಿಂಡೋಸನ್ನು ಕೇಳುವ ಮಾತುಗಳನ್ನು ಮಾತ್ರ ವೈನ್ ಲಿನಕ್ಸಿಗೆ ತಿಳಿಯುವಂತೆ ತಿರುಗಿಸುತ್ತದೆ. ಆದುದರಿಂದ ಲೆಕ್ಕದ ಕೆಲಸದಲ್ಲಿ ವೇಗ ಅಷ್ಟಾಗಿ ಕುಗ್ಗುವುದಿಲ್ಲ. ಚಿತ್ರಗಳು ಕ್ಷಣಕ್ಷಣವೂ ಬದಲಾಗುವ ಆಟಗಳಲ್ಲಿ ಭಾಷಾಂತರದ ಹೊರೆ ಹೆಚ್ಚಬಹುದು.

“ತಾತ, ಲಿನಕ್ಸಿನಲ್ಲಿ ನುಡಿ ಬಹಳ ನಿಧಾನ” ಎಂದಳು ಮೊಮ್ಮಗಳು.

“ಎಷ್ಟು ಸಲ ನೋಡಿದೆ, ಮಗು?”

“ಒಂದೇ ಸಲ.”

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಹಿರಿಯರು ನೆನಪಿಸಿದರು. ವಿಂಡೋಸಿನಲ್ಲಿ ನುಡಿಯನ್ನು ಆಗಲೇ ಒಮ್ಮೆ ತೆರೆದಿದ್ದುದರಿಂದ ಅದರ ಭಾಗಗಳು ಸ್ಮೃತಿಯಲ್ಲಿ ಸಿದ್ಧವಾಗಿದ್ದವು. ಲಿನಕ್ಸಿನಲ್ಲಿ ಅದು ಮೊದಲ ಸಲ. ವೈನ್ ತನ್ನ ಪರಿವಾರವನ್ನೆಲ್ಲ ಎಬ್ಬಿಸಬೇಕಾಗಿತ್ತು. ಅದೇ ಕಡತವನ್ನು ಎರಡೂ ಕಡೆ ಐದೈದು ಸಲ ತೆರೆದು, ಮೊದಲನೆಯದನ್ನು ಬಿಟ್ಟು ಲೆಕ್ಕ ಹಾಕಿದಾಗ ಅಂತರ ಅತ್ಯಲ್ಪವಾಗಿತ್ತು. ಅಕ್ಷರ ಮೂಡುವುದರಲ್ಲಂತೂ ಭೇದವೇ ಕಾಣಲಿಲ್ಲ.

ನಿಜವಾದ ಕೊರತೆ ಬೇರೆಡೆ ಇತ್ತು. ನುಡಿಯ ಕೀಲಿಮಣೆ ವೈನಿನ ಅಂಗಳದೊಳಗೆ ಮಾತ್ರ ನಡೆಯಿತು. ಲಿನಕ್ಸಿನ ಇತರ ತಂತ್ರಾಂಶಗಳಿಗೆ ದಾಟಲಿಲ್ಲ. ಆದರೆ ಅದೇ ವಿನ್ಯಾಸದ ಕೀಲಿಮಣೆ ಲಿನಕ್ಸಿನಲ್ಲಿ ಸಹಜವಾಗಿಯೇ ದೊರೆಯುತ್ತದೆ. ಯೂನಿಕೋಡಿನ ಕನ್ನಡವನ್ನು ಅದು ನೇರವಾಗಿ ಮೂಡಿಸುತ್ತದೆ.

ಹಳೆಯ ಪುಟಗಳನ್ನು ತೆರೆಯಲು ವೈನ್, ಹೊಸದನ್ನು ಬರೆಯಲು ಲಿನಕ್ಸಿನದೇ ಕೀಲಿಮಣೆ ಎಂದು ಹಿರಿಯರು ನಿಶ್ಚಯಿಸಿದರು. ದುಭಾಷಿಯ ಉಪಕಾರವನ್ನು ಮರೆಯಬಾರದು. ಹಾಗೆಂದು ನಾಡಿನ ನುಡಿಯನ್ನು ಕಲಿಯದೆಯೂ ಇರಬಾರದು. ಅಂದು ಸಂಜೆ ಅವರು ಹುಟ್ಟೂರಿನ ಕಥೆಯ ಮುಂದಿನ ಸಾಲನ್ನು ಹೊಸ ಪುಟದಲ್ಲಿ ಬರೆದರು.