ಸಾಬೂನು ಪೊರೆ ಯಾವಾಗ ಒಡೆಯುತ್ತದೆ?

ಒಂದೇ ಅಳತೆಯ ಎರಡು ಪ್ಲಾಸ್ಟಿಕ್ ಬಳೆಗಳನ್ನು ಜೋಡಿಸಿ ಹಿಡಿದು ಸಾಬೂನು ನೀರಿನಲ್ಲಿ ಅದ್ದಿ. ಮೇಲೆತ್ತಿ, ಮೆಲ್ಲಗೆ ದೂರ ಸರಿಸಿ. ಅವುಗಳ ನಡುವೆ ತೆಳುವಾದ ಪೊರೆ ನಿಲ್ಲುತ್ತದೆ. ಒಳಗೆ ಅಡ್ಡಲಾಗಿ ಇನ್ನೊಂದು ಪೊರೆ ಕಂಡರೆ ಒಣಗಿದ ಬೆರಳಿನಿಂದ ಅದನ್ನು ಒಡೆಯಿರಿ. ಉಳಿದ ಪೊರೆ ಡಮರುವಿನಂತೆ ಸಣ್ಣ ನಡುವಿನದಾಗಿ ಕಾಣುತ್ತದೆ. ತರಗತಿಯಲ್ಲಿ ಇದನ್ನು ಎಷ್ಟು ಸಲ ಮಾಡಿಸಿದರೂ ನನಗೆ ಬೇಸರ ಬಂದಿಲ್ಲ.

ಈ ಆಕಾರ ಏಕೆ? ಮೇಲ್ಮೈ ಎಳೆತದಿಂದಾಗಿ ಪೊರೆ ಸದಾ ಕುಗ್ಗಲು ನೋಡುತ್ತದೆ. ಬಳೆಗಳಿಗೆ ಅಂಟಿಕೊಂಡೇ ತನ್ನ ವಿಸ್ತೀರ್ಣವನ್ನು ಆದಷ್ಟು ಕಡಿಮೆ ಮಾಡಿಕೊಳ್ಳುತ್ತದೆ. ಗಣಿತದಲ್ಲಿ ಇದಕ್ಕೆ ‘ಕನಿಷ್ಠ ಮೇಲ್ಮೈ’ ಎಂದು ಹೆಸರು. ಸಡಿಲವಾಗಿ ಹಿಡಿದ ಸರಪಳಿ ಜೋತುಬೀಳುವ ಗೆರೆಯೇ ಈ ಪೊರೆಯ ಬಾಗು ಎಂದು ಆಯ್ಲರ್ 1744ರಲ್ಲಿ ತೋರಿಸಿದರು.

ಒಮ್ಮೆ ಏಳನೇ ತರಗತಿಯ ಹುಡುಗಿಯೊಬ್ಬಳು, “ಸಾರ್, ಇದು ಒಡೆಯೋದು ಮೊದಲೇ ಗೊತ್ತಾಗುತ್ತಾ?” ಎಂದು ಕೇಳಿದಳು. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅಂದೇ ಸ್ಕೇಲ್ ಹಿಡಿದು ಅಳೆದೆವು. ಬಳೆಯ ವ್ಯಾಸ 6 ಸೆಂ.ಮೀ. ದೂರ 4 ಸೆಂ.ಮೀ. ಸಮೀಪಿಸುತ್ತಲೇ ಪೊರೆ ತಟ್ಟನೆ ಕುಸಿದು, ಎರಡೂ ಬಳೆಗಳಲ್ಲಿ ಒಂದೊಂದು ಚಪ್ಪಟೆ ಪೊರೆ ಉಳಿಯಿತು. 9 ಸೆಂ.ಮೀ. ವ್ಯಾಸದ ತಂತಿಯ ಬಳೆಗಳಲ್ಲಿ ಸುಮಾರು 6 ಸೆಂ.ಮೀ. ಅಂದರೆ, ಎರಡರಲ್ಲೂ ವ್ಯಾಸದ ಮೂರನೇ ಎರಡು ಭಾಗದಷ್ಟು!

ಕಾರಣ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ ಹೆಸರು ಸ್ಟರ್ಮ್. ಕೆಲವು ಸಮೀಕರಣಗಳನ್ನು ಪೂರ್ತಿ ಬಿಡಿಸದೆಯೇ, ಅವುಗಳ ಗೆರೆ ಎಷ್ಟು ಸಲ ಸೊನ್ನೆಯನ್ನು ದಾಟುತ್ತದೆ ಎಂದು ಎಣಿಸಿ ಬಹಳಷ್ಟು ತಿಳಿಯಬಹುದೆಂದು ಈ ಗಣಿತಜ್ಞರು 1836ರಲ್ಲಿ ತೋರಿಸಿದರು. ಇದೇ ಆಂದೋಲನ ಸಿದ್ಧಾಂತ.

ಪೊರೆಯನ್ನು ಸ್ವಲ್ಪವೇ ಅಲುಗಿಸಿದರೆ ಏನಾಗುತ್ತದೆ ಎಂಬುದಕ್ಕೂ ಅಂಥ ಸಮೀಕರಣವಿದೆ. ಅದರ ಗೆರೆ ಮೊದಲನೆಯ ಬಳೆಯಲ್ಲಿ ಸೊನ್ನೆಯಿಂದ ಹೊರಡಲಿ. ಮೇಲೇರಿದ ಗೆರೆ ಮತ್ತೆ ಸೊನ್ನೆಗೆ ಇಳಿಯುವ ಮೊದಲೇ ಎರಡನೆಯ ಬಳೆ ಬಂದರೆ ಪೊರೆ ಗಟ್ಟಿ, ಅಲುಗಿಸಿದರೂ ಸುಧಾರಿಸಿಕೊಳ್ಳುತ್ತದೆ. ನಡುವೆಯೇ ಸೊನ್ನೆ ಬಂದರೆ ಅದು ನಿಲ್ಲದು. ಬಳೆಗಳನ್ನು ದೂರ ಸರಿಸಿದಂತೆ ಆ ಸೊನ್ನೆಯೂ ಎರಡನೆಯ ಬಳೆಯೂ ಹತ್ತಿರವಾಗುತ್ತವೆ. ದೂರವು ವ್ಯಾಸದ ಸುಮಾರು 0.66ರಷ್ಟಾದಾಗ ಎರಡೂ ಕೂಡುತ್ತವೆ. ನಾವು ಸ್ಕೇಲಿನಲ್ಲಿ ಕಂಡದ್ದೂ ಅದನ್ನೇ.

ಆ ಹುಡುಗಿಗೆ ಉತ್ತರ ಇದು: ಹೌದು, ಮೊದಲೇ ಗೊತ್ತಾಗುತ್ತದೆ. ನೀವೂ ಬಳೆಯ ವ್ಯಾಸ ಅಳೆದು 0.66ರಿಂದ ಗುಣಿಸಿ. ಬಂದ ಸಂಖ್ಯೆಯನ್ನು ಮೊದಲು ಬರೆದಿಡಿ, ಆಮೇಲೆ ಬಳೆಗಳನ್ನು ಸರಿಸಿ. ಕೈ ನಡುಗಿದರೆ ಪೊರೆ ತುಸು ಮೊದಲೇ ಕುಸಿದೀತು, ಜೋಪಾನ!